ಮೀಟರ್ ಓದದೆ ಬಂದ ಬಿಲ್ಲು

ಕುಂದಾಪುರ ಪೇಟೆಯಲ್ಲಿ ನೀವು ಬಾಡಿಗೆ ಮನೆಗೆ ಬಂದು ತಿಂಗಳಾಗಿದೆಯಷ್ಟೆ, ನೀರಿನ ಬಿಲ್ಲು ಬಂತೆನ್ನಿ. 30 ಯೂನಿಟ್, ಅಂದರೆ 30,000 ಲೀಟರ್! ಇರುವವರು ಇಬ್ಬರೇ. ಬಾಗಿಲು ಹಾಕಿತ್ತೆಂದು ಹಿಂದಿನವರ ಸರಾಸರಿ ಬರೆದಿದ್ದಾರೆ. ಸಿಟ್ಟು ಸಹಜ. (ಬೈಂದೂರಿನ ತವರುಮನೆಯ ಬಾವಿ ನೆನಪಾಗುವುದೂ ಸಹಜ.) ಮೀಟರಿನ ಅಂಕಿ ಬರೆದುಕೊಂಡು, ಬಾಡಿಗೆ ಕರಾರುಪತ್ರ ಹಿಡಿದು ಕಚೇರಿಗೆ ಹೋಗಿ. ನ್ಯಾಯವಾದ ಲೆಕ್ಕ ಕೇಳುವುದು ಕ್ರೈಸ್ತ ಸಹನೆಗೆ ವಿರುದ್ಧವೇನಲ್ಲ. ಕೌಂಟರಿನಲ್ಲಿ ಕುಳಿತ ಗುಮಾಸ್ತರ ಮೇಲೆ ಮಾತ್ರ ಕೂಗಾಡಬೇಡಿ, ಮೀಟರ್ ಓದಲು ಬಂದವರು ಅವರಲ್ಲ.

ಕಷ್ಟದ ಪ್ರಶ್ನೆ ಬೇರೆಯೇ ಇದೆ. ನೀವು ಬಳಸಿದ್ದು 12 ಯೂನಿಟ್, ಅಂದಾಜಿನಲ್ಲಿ ಬಂದದ್ದು 5. ಆಗಲೂ ಕಚೇರಿಗೆ ಹೋಗುತ್ತಿದ್ದಿರಾ? ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಮೇಲ್ವಿಚಾರಕನು ನೂರು ಅಳತೆ ಎಣ್ಣೆಯ ಸಾಲಪತ್ರದಲ್ಲಿ ಐವತ್ತೆಂದು ಬರೆಯಿಸಿದ. ಪ್ರಸಂಗಗಳಲ್ಲೆಲ್ಲ ಅವನದೇ ಸುದ್ದಿ. ಸುಮ್ಮನೆ ಕುಳಿತು ಬರೆದು ಮನೆಗೆ ಹೋದ ಸಾಲಗಾರನನ್ನು ನಾವು ಮರೆತೇಬಿಡುತ್ತೇವೆ. "ತಪ್ಪು ಅವರದು, ನಾನೇಕೆ ಹೇಳಲಿ?" ಎನ್ನುವಾಗ ಅವನ ಲೇಖನಿ ನಮ್ಮ ಕೈಯಲ್ಲಿರುತ್ತದೆ.

ಮುಂದಿನ ಸಲ ಮೀಟರ್ ಓದಿದಾಗ ಸರಿಹೋಗುತ್ತದಲ್ಲ ಎನ್ನುವಿರಿ. ಹೌದು. ಆದರೆ ಅಷ್ಟರಲ್ಲಿ ನೀವು ಮನೆ ಬಿಟ್ಟಿದ್ದರೆ, ಆ 7 ಯೂನಿಟ್ ನಿಮ್ಮ ನಂತರ ಬಂದ ಬಾಡಿಗೆದಾರರ ಬಿಲ್ಲಿನಲ್ಲಿರುತ್ತದೆ.