ದೀಪಸಾದೃಶ್ಯ

ಒಂದೇ ಕಾರ್ಖಾನೆಯಲ್ಲಿ ತಯಾರಾಗಿ, ಮೈಮೇಲೆ 2700 ಕೆಲ್ವಿನ್ ಎಂಬ ಒಂದೇ ಮುದ್ರೆಯನ್ನು ಧರಿಸಿ ಬಂದ ಎರಡು ಸಿಎಫ್‌ಎಲ್ ದೀಪಗಳನ್ನು ಸುಣ್ಣದ ಗೋಡೆಯೊಂದರ ಮೇಲೆ ಅಕ್ಕಪಕ್ಕದಲ್ಲಿ ಉರಿಸಿದಾಗ, ಒಂದರ ಬೆಳಕು ತುಸು ಹಸುರಿಗೆ ವಾಲಿದಂತೆಯೂ ಇನ್ನೊಂದರದು ನಸುಗೆಂಪಿಗೆ ವಾಲಿದಂತೆಯೂ ತೋರುವುದುಂಟು. ಕೊಂಡವರಿಗೆ ಇದು ಅಂಗಡಿಯವನೊಡನೆ ಜಗಳಕ್ಕೆ ವಿಷಯ. ದರ್ಶನಶಾಸ್ತ್ರಕ್ಕೆ ಹಳೆಯದೊಂದು ವಿವಾದದ ವಿಷಯ. ‘ಇದೂ ಅದೂ ಒಂದೇ’ ಎಂಬ ನಮ್ಮ ಬುದ್ಧಿಗೆ ಹೊರಗಿನ ಜಗತ್ತಿನಲ್ಲಿ ಆಲಂಬನವಾದರೂ ಯಾವುದು?

ನೈಯಾಯಿಕರು, ಅನೇಕ ವ್ಯಕ್ತಿಗಳಲ್ಲಿ ಅನುಗತವಾಗಿ, ನಿತ್ಯವಾಗಿ, ತಾನು ಮಾತ್ರ ಏಕವಾಗಿ ಇರುವ ‘ಸಾಮಾನ್ಯ’ವೆಂಬ ಪದಾರ್ಥವನ್ನು ಒಪ್ಪಿ, ಸಾವಿರ ಬಿಳುಪುಗಳಲ್ಲಿ ಶುಕ್ಲತ್ವವು ಒಂದೇ ಎಂದರು. ಬೌದ್ಧನಾದ ದಿಙ್ನಾಗನು ಅದನ್ನು ಬುದ್ಧಿಕಲ್ಪಿತವೆಂದು ತಳ್ಳಿ, ಬಿಳಿಯದೆಂದರೆ ಬಿಳಿಯಲ್ಲದ್ದರಿಂದ ವ್ಯಾವೃತ್ತವಾದದ್ದು ಎಂದಷ್ಟೇ ಹೇಳಿದನು. ಮಧ್ವಾಚಾರ್ಯರಾದರೋ, ಪ್ರತಿಯೊಂದು ವಸ್ತುವೂ ಸ್ವರೂಪದಿಂದಲೇ ಇತರ ಸಮಸ್ತದಿಂದ ಭಿನ್ನವೆಂದೂ, ವಸ್ತುಗಳ ನಡುವೆ ಇರುವುದು ಏಕವಾದ ಜಾತಿಯಲ್ಲ, ಯಥಾರ್ಥವಾದ ಸಾದೃಶ್ಯವೆಂದೂ ಪ್ರತಿಪಾದಿಸಿದರು.

ದೀಪದ ಒಳಗೆ ನಡೆಯುವುದೇನೆಂದು ನೋಡೋಣ. ಗಾಜಿನ ನಳಿಗೆಯಲ್ಲಿ ವಿದ್ಯುತ್ತು ಹರಿದು ಪಾದರಸದ ಆವಿಯನ್ನು ಕೆರಳಿಸಿದಾಗ ಹೊಮ್ಮುವುದು ಬಹುಪಾಲು 254 ನ್ಯಾನೋಮೀಟರ್ ತರಂಗದ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಅದು ಗಾಜಿನ ಒಳಮೈಗೆ ಬಳಿದ ಪುಡಿಗಳನ್ನು ತಾಕಿ, ಯೂರೋಪಿಯಂ ಬೆರೆತ ಪುಡಿಯಿಂದ ಕೆಂಪನ್ನೂ, ಟರ್ಬಿಯಂ ಬೆರೆತದ್ದರಿಂದ ಹಸುರನ್ನೂ, ಮೂರನೆಯದೊಂದರಿಂದ ನೀಲಿಯನ್ನೂ ಎಬ್ಬಿಸುತ್ತದೆ. ತೇಜಸ್ಸಿನ ಸಹಜರೂಪ ಭಾಸ್ವರಶುಕ್ಲವೆಂದು ವೈಶೇಷಿಕರು ನಿರ್ಣಯಿಸಿದ್ದರು. ಇಲ್ಲಿಯಾದರೆ ಶುಕ್ಲವೆಂಬುದು ಯಾವ ಪುಡಿಯಲ್ಲಿಯೂ ಇಲ್ಲ, ಮೂರರ ಪ್ರಮಾಣದಲ್ಲಿ ಮಾತ್ರ ಇದೆ. ಬೆರಕೆ ಕೂದಲೆಳೆಯಷ್ಟು ಹೆಚ್ಚುಕಡಮೆಯಾದರೂ ಬಣ್ಣ ಸರಿಯುತ್ತದೆ. ನೀಲಿಯ ಪುಡಿಯು ಉಳಿದೆರಡಕ್ಕಿಂತ ಬೇಗ ಸೊರಗುವುದರಿಂದ, ಹುಟ್ಟುವಾಗ ಅವಳಿಗಳಂತಿದ್ದವೂ ಮುಪ್ಪಿನಲ್ಲಿ ಬೇರೆಬೇರೆಯಾಗುತ್ತವೆ. ಇನ್ನು ಆ ಕೆಲ್ವಿನ್ ಮುದ್ರೆಯು ಹೇಳುವುದಿಷ್ಟೇ: ಕಾಸಿದ ಕರಿಯ ಕಾಯವೊಂದು ಎಷ್ಟು ಉಷ್ಣತೆಯಲ್ಲಿ ಇದಕ್ಕೆ ಅತ್ಯಂತ ಸಮೀಪವಾದ ಬಣ್ಣವನ್ನು ಸೂಸುವುದೆಂಬುದು. ಆ ಸಾಮೀಪ್ಯವು ಹಸುರಿನ ಕಡೆಯಿಂದಲೋ ನಸುಗೆಂಪಿನ ಕಡೆಯಿಂದಲೋ ಎಂಬುದರಲ್ಲಿ ಮುದ್ರೆಯು ಮೌನ. ಎರಡು ದೀಪಗಳೂ ಸತ್ಯವನ್ನೇ ನುಡಿದು ಭಿನ್ನವಾಗಿರಬಹುದು.

ಹಾಗಾದರೆ ‘ಒಂದೇ ಬಣ್ಣ’ ಎಂಬುದರ ಮೇರೆ ಎಲ್ಲಿ? ಅಮೆರಿಕದ ಕೊಡಾಕ್ ಸಂಸ್ಥೆಯ ಡೇವಿಡ್ ಮ್ಯಾಕ್‌ಆಡಮ್ 1942ರಲ್ಲಿ 25 ಬಣ್ಣಗಳನ್ನು ಆರಿಸಿ, ಒಬ್ಬನೇ ವೀಕ್ಷಕನಿಂದ ಸುಮಾರು 25,000 ಸಲ ಬಣ್ಣಕ್ಕೆ ಬಣ್ಣವನ್ನು ಹೊಂದಿಸಿಸಿ, ಅವನ ಕೈ ತಪ್ಪಿದ ಮಟ್ಟವನ್ನು ಪ್ರತಿಯೊಂದು ವರ್ಣಬಿಂದುವಿನ ಸುತ್ತ ಒಂದೊಂದು ದೀರ್ಘವೃತ್ತವಾಗಿ ಬರೆದನು. ಜಗತ್ತಿನ ದೀಪಗಳಿಗೆಲ್ಲ ಸಾಮ್ಯವನ್ನು ಅಳೆದುಕೊಟ್ಟದ್ದು ಒಬ್ಬ ಮನುಷ್ಯನ ಕಣ್ಣು ಎಂಬುದು ಪ್ರಮಾಣಶಾಸ್ತ್ರದವರು ಮೆಲುಕುಹಾಕತಕ್ಕ ಸಂಗತಿ. ಆ ದೀರ್ಘವೃತ್ತದ ಮೂರು ಪಟ್ಟಿನಷ್ಟು ಅಂತರವಾದರೆ ಸಾಮಾನ್ಯ ದೃಷ್ಟಿಗೂ ಭೇದವು ಗೋಚರಿಸತೊಡಗುತ್ತದೆ. ಅಮೆರಿಕದ ಎನರ್ಜಿ ಸ್ಟಾರ್ ನಿಯಮವು ಸಿಎಫ್‌ಎಲ್‌ಗಳಿಗೆ ಏಳು ಪಟ್ಟಿನವರೆಗೆ ಸಡಿಲ ಬಿಟ್ಟಿತ್ತು. ಕಾಣುವ ಭೇದವನ್ನೂ ಏಕತೆಯ ಹೆಸರಿನಲ್ಲಿ ಒಪ್ಪಿಕೊಂಡದ್ದು ವ್ಯವಹಾರದ ಸೌಕರ್ಯಕ್ಕಾಗಿ.

ನೈಯಾಯಿಕನು ಇಲ್ಲಿ ಸುಮ್ಮನಿರಲಾರನು. ಕಾಮಾಲೆಯವನಿಗೆ ಶಂಖವು ಹಳದಿಯಾಗಿ ಕಂಡರೆ ದೋಷ ಕಣ್ಣಿನದು, ಶಂಖದ ಬಿಳುಪಿಗೆ ಭಂಗವಿಲ್ಲ ಎಂದಾನು. ಶಂಖದ ಮಟ್ಟಿಗೆ ಅದು ಸರಿ. ಆದರೆ ಈ ದೀಪಗಳ ಹಸುರು-ಕೆಂಪುಗಳು ಪಿತ್ತದೋಷದಿಂದ ಹುಟ್ಟಿದವಲ್ಲ, ಪುಡಿಯಲ್ಲಿಯೇ ಇವೆ. ಅದಕ್ಕಿಂತ ಬಲವಾದ ಬಾಧಕವೊಂದುಂಟು: ಗೋಡೆಯ ಮೇಲೆ ಎಳ್ಳಷ್ಟೂ ಭೇದ ಕಾಣದ ಎರಡು ಬೆಳಕುಗಳ ಕೆಳಗೆ ಒಂದೇ ಸೀರೆಯ ಸೆರಗು ಒಮ್ಮೆ ಕುಂಕುಮವರ್ಣವಾಗಿಯೂ ಒಮ್ಮೆ ಇಟ್ಟಿಗೆಯ ಬಣ್ಣವಾಗಿಯೂ ಕಾಣಬಹುದು, ಏಕೆಂದರೆ ಬೇರೆಬೇರೆ ತರಂಗಗಳ ಬೆರಕೆಗಳು ಕಣ್ಣಿಗೆ ಒಂದೇ ಬಿಳುಪಾಗಿ ಒದಗಬಲ್ಲವು. ಜವಳಿ ಅಂಗಡಿಗೆ ಹೋದ ನಮ್ಮ ಹೆಂಗಸರು ಸೀರೆಯನ್ನು ಬಾಗಿಲ ಹೊರಗಿನ ಬಿಸಿಲಿಗೆ ಒಯ್ದು ನೋಡುವುದು ಸುಮ್ಮನೆ ಅಲ್ಲ. ಗೋಡೆಯ ಮೇಲೆ ಏಕವೆಂದು ಕಂಡ ಶುಕ್ಲತ್ವಕ್ಕೆ ಬೆಳಕುಗಳೊಳಗೆ ಏಕವಾದ ಆಶ್ರಯವೇ ಇರಲಿಲ್ಲ.

ಹಾಗೆಂದು ಸಾಮ್ಯವೆಲ್ಲವೂ ಕಲ್ಪನೆಯೆನ್ನುವುದೂ ಅತಿಯಾಯಿತು. ಪುಡಿಗಳ ಪ್ರಮಾಣಗಳು ನಿಜವಾಗಿಯೇ ಹತ್ತಿರವಿದ್ದುದರಿಂದಲೇ ಅಲ್ಲವೆ ಅಷ್ಟಾದರೂ ಹೋಲಿಕೆ ಬಂದುದು? ಜಾತಿಯು ಇಲ್ಲ, ಹೋಲಿಕೆಯು ಇದೆ, ಭೇದವು ಸ್ವರೂಪದಲ್ಲಿಯೇ ಇದೆ: ಈ ವಿವಾದದ ಮಟ್ಟಿಗೆ ಮಧ್ವರ ಪಕ್ಷವೇ ನನಗೆ ಯುಕ್ತವಾಗಿ ತೋರುತ್ತದೆ.