ಕಾರ್ಡಿನ ಬಣ್ಣ ನೋಡಿ ಹಿಂದೆ ಸರಿಯಬೇಡಿ

"ನಮ್ದು ಎಪಿಎಲ್ ಕಾರ್ಡು ಅಕ್ಕಾ, ನಮಗೆಲ್ಲಿ ಸಿಗುತ್ತೆ ಬಿಡಿ." ಮನೆ ಬಾಗಿಲಿಗೆ ಬಂದ ಆಶಾ ಕಾರ್ಯಕರ್ತೆಗೆ ಚೊಚ್ಚಲ ಗರ್ಭಿಣಿಯರು ಹೇಳುವ ಮಾತಿದು. ಗಂಡ ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿದು ತಿಂಗಳಿಗೆ ಹದಿನೆಂಟು ಇಪ್ಪತ್ತು ಸಾವಿರ ತರುತ್ತಾನೆ. ಬಾಡಿಗೆ, ದಿನಸಿ, ಸಾಲದ ಕಂತು ಕಳೆದರೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. ಆದರೂ ತಾವು ಯಾವುದಕ್ಕೂ ಅರ್ಹರಲ್ಲ ಎಂದು ತಾವೇ ತೀರ್ಮಾನಿಸಿಕೊಂಡಿರುತ್ತಾರೆ. ಹೆರಿಗೆಯ ಹೊತ್ತಿಗೆ ಕೊರಳಿನ ಸರ ಅಡವಿಗೆ ಹೋಗುತ್ತದೆ.

ಈ ತೀರ್ಮಾನ ತಪ್ಪು. ಸರ್ಕಾರದ ಒಂದೊಂದು ನೆರವಿಗೆ ಒಂದೊಂದು ನಿಯಮವಿದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ ಆದಾಯದ ಮಿತಿಯೇ ಇಲ್ಲ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸಹಜ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಆಸ್ಪತ್ರೆಯಲ್ಲಿ ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಹುಟ್ಟಿದ ಮಗುವಿಗೆ ಕಾಯಿಲೆಯಾದರೆ ಅದರ ಚಿಕಿತ್ಸೆಯೂ ಉಚಿತ. ಇಲ್ಲಿ ಬಿಪಿಎಲ್, ಎಪಿಎಲ್ ಎಂಬ ಭೇದವಿಲ್ಲ.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1.2 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ ಹತ್ತು ಸಾವಿರ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಗೆ ಮಿತಿ 8 ಲಕ್ಷ. ಇವೆರಡರ ನಡುವೆ ಎಷ್ಟೊಂದು ಮನೆಗಳಿವೆ! ಬಿಪಿಎಲ್ ಕಾರ್ಡು ಸಿಗದ ಆ ಇಪ್ಪತ್ತು ಸಾವಿರದ ಸಂಸಾರಕ್ಕೂ ಮಾತೃವಂದನೆಯ 5,000 ರೂಪಾಯಿ ಸಲ್ಲುತ್ತದೆ. ಗರ್ಭಿಣಿ ಹೆಸರು ನೋಂದಾಯಿಸಿ ತಪಾಸಣೆ ಮಾಡಿಸಿಕೊಂಡರೆ 3,000, ಮಗುವಿನ ಜನನ ನೋಂದಣಿಯಾಗಿ ಮೊದಲ ಸುತ್ತಿನ ಲಸಿಕೆಗಳು ಮುಗಿದರೆ 2,000. ಆದಾಯ ಪತ್ರವೇ ಬೇಕೆಂದೂ ಇಲ್ಲ. ಇ-ಶ್ರಮ್ ಕಾರ್ಡು, ನರೇಗಾ ಜಾಬ್ ಕಾರ್ಡು, ಆಯುಷ್ಮಾನ್ ಕಾರ್ಡು ಇವುಗಳಲ್ಲಿ ಒಂದಿದ್ದರೂ ನಡೆಯುತ್ತದೆ. ಬಿಪಿಎಲ್ ಕಾರ್ಡು ನಿಜಕ್ಕೂ ಲೆಕ್ಕಕ್ಕೆ ಬರುವುದು ಜನನಿ ಸುರಕ್ಷಾ ಯೋಜನೆಯಂಥ (ಇದು ಮೇಲೆ ಹೇಳಿದ ಜನನಿ ಶಿಶು ಸುರಕ್ಷಾ ಅಲ್ಲ, ಬೇರೆಯದು) ಕೆಲವು ನೆರವುಗಳಲ್ಲಿ ಮಾತ್ರ.

ಹಾಗಾದರೆ ಹಣ ಯಾಕೆ ತಪ್ಪಿಹೋಗುತ್ತದೆ? ಕಾಗದಪತ್ರ ನೋಡಿ. ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು, ಗರ್ಭಿಣಿಗೆ ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡಿನಲ್ಲಿ ಮನೆಯಲ್ಲಿ ಕರೆಯುವ ಹೆಸರು. ವಿಳಾಸ ಗಂಡನ ಊರಿನದು, ಹೆರಿಗೆ ತವರಿನಲ್ಲಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಏಳೆಂಟು ತಿಂಗಳ ಬಸುರಿ ಇದನ್ನೆಲ್ಲ ಸರಿಪಡಿಸಲು ಬಿಸಿಲಲ್ಲಿ ಕಚೇರಿ ಕಚೇರಿ ಅಲೆಯಬೇಕೇ? ಮೂರನೇ ತಿಂಗಳಲ್ಲಿ ತಾಯಿ ಕಾರ್ಡು ಮಾಡಿಸುವ ದಿನವೇ ಎಲ್ಲ ಕಾಗದಗಳನ್ನೂ ಒಂದೇ ಕಡೆ ಇಟ್ಟು ಹೆಸರು ಹೋಲಿಸಿ ನೋಡಿದರೆ ಮುಕ್ಕಾಲು ತೊಡಕು ಅಲ್ಲಿಗೇ ಮುಗಿಯುತ್ತದೆ. ಆ ಕೆಲಸ ವ್ಯವಸ್ಥೆಯದು, ತಾಯಿಯದಲ್ಲ.

ಸರ್ಕಾರವೂ ತನ್ನ ಮಾತನ್ನು ಪೂರ್ತಿ ಉಳಿಸಿಕೊಳ್ಳಬೇಕು. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿಯರಿಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ನೆರವನ್ನು ಹಕ್ಕಾಗಿ ಕೊಟ್ಟಿತು. ಮಾತೃವಂದನಾ ಯೋಜನೆ ಅದನ್ನು ಮೊದಲ ಮಗುವಿಗೆ ಸೀಮಿತಗೊಳಿಸಿತು. ಈಗ ಎರಡನೆಯದು ಹೆಣ್ಣಾದರೆ 6,000 ಇದೆ, ಗಂಡಾದರೆ ಇಲ್ಲ. ಹೆಣ್ಣುಮಗುವನ್ನು ಬರಮಾಡಿಕೊಳ್ಳುವ ಉದ್ದೇಶ ಒಳ್ಳೆಯದೇ. ಆದರೆ ಹೆತ್ತ ದೇಹದ ನಿತ್ರಾಣಕ್ಕೆ ಗಂಡು ಹೆಣ್ಣೆಂಬ ವ್ಯತ್ಯಾಸ ಇದೆಯೇ? ಎರಡನೇ ಬಾಣಂತನದಲ್ಲಿ ಹಾಲು, ಸೊಪ್ಪು, ವಿಶ್ರಾಂತಿ ಬೇಡವೇ? ಈ ಷರತ್ತು ಹೋಗಬೇಕು.

ನಿಯಮ ಬದಲಾಗುವ ತನಕ ನಮ್ಮ ಕೈಲಾಗುವ ಕೆಲಸವೂ ಇದೆ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಸೊಸೆ, ಮಗಳು, ಬಾಡಿಗೆದಾರರ ಹುಡುಗಿ ಬಸುರಿ ಎಂದು ತಿಳಿದರೆ ಸಿಹಿ ಕೇಳುವ ಜೊತೆಗೆ ಇಷ್ಟು ಕೇಳೋಣ: ತಾಯಿ ಕಾರ್ಡು ಆಯಿತಾ? ಅಂಗನವಾಡಿಯಲ್ಲಿ ಹೆಸರು ಬರೆಸಿದೆಯಾ? ಖಾತೆ ನಿನ್ನ ಹೆಸರಲ್ಲೇ ಇದೆಯಾ? ಇಲ್ಲವೆಂದರೆ ಜೊತೆಗೆ ಹೋಗಿ ಮಾಡಿಸೋಣ. ಅವಳು ಯಾರ ಮುಂದೆಯೂ ಕೈಚಾಚುತ್ತಿಲ್ಲ. ಕಾನೂನು ಅವಳಿಗೆಂದೇ ತೆಗೆದಿಟ್ಟದ್ದನ್ನು ಪಡೆಯುತ್ತಿದ್ದಾಳೆ.