ಗರಗಸ ಕೊಯ್ಯಿತೋ, ಕೈ ಕೊಯ್ಯಿತೋ

ಆಯುಧಪೂಜೆಯ ದಿನ ಹಾರನಹಳ್ಳಿ ಕಡೆಯ ಬಡಗಿಗಳ ಮನೆಯಲ್ಲಿ ಗರಗಸ, ಉಳಿ, ಬಾಚಿಗಳು ತೊಳೆಸಿಕೊಂಡು, ಒರೆಸಿಕೊಂಡು ಸಾಲಾಗಿ ಕೂತಿರುತ್ತವೆ. ಈಗೀಗ ಪಕ್ಕದಲ್ಲಿ ಡ್ರಿಲ್ ಮಷಿನ್ನೂ ಇರುತ್ತದೆ. ಅದರ ಪ್ಲಾಸ್ಟಿಕ್ ಮೈಗೂ ಅರಿಸಿನ, ಕುಂಕುಮ, ಒಂದು ಸೇವಂತಿಗೆ. ಅವತ್ತು ಅವುಗಳಿಂದ ಕೆಲಸ ಮಾಡಿಸುವುದಿಲ್ಲ. ವರ್ಷವಿಡೀ ದುಡಿಸಿಕೊಂಡವನು ದುಡಿದದ್ದಕ್ಕೆ ಕೈಮುಗಿಯುತ್ತಾನೆ. ಸಲಕರಣೆ ಬರೀ ಸಾಧನವಾಗಿದ್ದರೆ ಈ ನಮಸ್ಕಾರ ಯಾರಿಗೆ?

ಮಾದರಿ ರಾಕೆಟ್ ಮಾಡಲು ಹೊರಟ ಹೈಸ್ಕೂಲ್ ಹುಡುಗನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅವನಿಗೆ ಅದು ಎದುರಾಗುವುದು ಪ್ಲೈವುಡ್ ಅಂಗಡಿಯಲ್ಲಿ.

ಅಂಗಡಿಯ ಶೀಟು ಎಂಟಡಿಗೆ ನಾಲ್ಕಡಿ. ಬೀರು ಮಾಡುವವರು 18 ಎಂ.ಎಂ. ಕೇಳುತ್ತಾರೆ; ಪುಟ್ಟ ರಾಕೆಟ್ಟಿನ ರೆಕ್ಕೆಗೆ 3 ಎಂ.ಎಂ. ಸಾಕು. ದಪ್ಪ ಇದ್ದಷ್ಟೂ ಒಳ್ಳೆಯದು ಎಂಬ ಮನೆಕಟ್ಟುವವರ ಲೆಕ್ಕ ಇಲ್ಲಿ ಕೈಕೊಡುತ್ತದೆ. ರೆಕ್ಕೆ ಇರುವುದು ಬಾಲದಲ್ಲಿ. ಅಲ್ಲಿ ಭಾರ ಹೆಚ್ಚಿದರೆ ಗುರುತ್ವಕೇಂದ್ರ ಹಿಂದಕ್ಕೆ ಸರಿಯುತ್ತದೆ. ಆ ಬಿಂದು ಗಾಳಿಯ ಒತ್ತಡದ ಕೇಂದ್ರಕ್ಕಿಂತ ರಾಕೆಟ್ಟಿನ ಕೊಳವೆಯ ಒಂದು ವ್ಯಾಸದಷ್ಟಾದರೂ ಮುಂದಿರಬೇಕೆಂಬುದು ರಾಕೆಟ್ ಕಟ್ಟುವವರ ರೂಢಿ. ಅದು ತಪ್ಪಿದರೆ ರಾಕೆಟ್ಟು ನೆಟ್ಟಗೆ ಏರದೆ ಪಲ್ಟಿ ಹೊಡೆಯುತ್ತದೆ. ಶೀಟಿನ ಮೇಲಿನ ಮುದ್ರೆಯನ್ನೂ ಓದಬೇಕು: ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್ಡು, ಐಎಸ್ 710 ನೀರಿಗೆ ನಿಲ್ಲುವ ಮರೀನ್ ಪ್ಲೈ. ಮುದ್ರೆ ನೋಡಿ ಮುಗಿಸದೆ ಅಂಚನ್ನೂ ನೋಡಬೇಕು. ಪದರಗಳ ನಡುವೆ ಸಂದು ಕಂಡರೆ, ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಆ ಶೀಟು ಬೇಡ.

ಅಂಚನ್ನು ನೋಡುತ್ತ ನಿಂತರೆ ಒಂದು ಸೋಜಿಗ ಕಾಣುತ್ತದೆ. ಕೊಡಗಿನ ಕಾಫಿ ತೋಟದಲ್ಲಿ ನೆರಳಾಗಿದ್ದ ಸಿಲ್ವರ್ ಓಕ್, ರೈತರು ಹೊಲದ ಬದುವಿನಲ್ಲಿ ಬೆಳೆಸಿದ ಹೆಬ್ಬೇವು, ಇಂಥ ಮರಗಳನ್ನು ಯಂತ್ರದಲ್ಲಿ ತಿರುಗಿಸಿ ಹಾಳೆಹಾಳೆಯಾಗಿ ಸುಲಿದು, ಒಂದರ ಎಳೆ ಉದ್ದಕ್ಕೆ ಮತ್ತೊಂದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸುತ್ತಾರೆ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸ: ಮೂರು, ಐದು, ಏಳು. ಎರಡೂ ಕಡೆ ಎಳೆತ ಸಮನಾಗಿ ಹಲಗೆ ಸೊಟ್ಟಗಾಗದಿರಲಿ ಎಂದು ಹೀಗೆ. ಒಂದು ಹಾಳೆಯನ್ನು ಮಗುವೂ ಎಳೆಗುಂಟ ಸೀಳಬಲ್ಲದು, ಬರೀ ಅಂಟು ಹಲಗೆಯಾಗದು. ಹಾಗಾದರೆ ಗಟ್ಟಿತನ ಇರುವುದೆಲ್ಲಿ?

ಹಾರನಹಳ್ಳಿ ಇರುವ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಈ ಪ್ರಶ್ನೆಯನ್ನು ಜೀವಮಾನದ ಓದಾಗಿ ಮಾಡಿಕೊಂಡವರಿದ್ದಾರೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದು ನೆಲೆಸಿದ ಟಿಬೆಟನ್ನರ ಸೆರಾ ಮಠದಲ್ಲಿ ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ವಾದಿಸುತ್ತಾರೆ. ಅವರು ಓದುವ ಗ್ರಂಥಗಳಲ್ಲಿ ಏಳನೆಯ ಶತಮಾನದ ಚಂದ್ರಕೀರ್ತಿಯ ‘ಮಧ್ಯಮಕಾವತಾರ’ವೂ ಒಂದು. ಚಂದ್ರಕೀರ್ತಿ ಒಂದು ರಥವನ್ನು ಏಳು ಬಗೆಯಲ್ಲಿ ಹುಡುಕುತ್ತಾನೆ. ಬಿಡಿಭಾಗಗಳೇ ರಥವೋ, ಅವಕ್ಕಿಂತ ಬೇರೆಯೋ, ಭಾಗಗಳ ರಾಶಿಯೋ, ಆಕಾರವೋ? ಹುಡುಕಿದಲ್ಲೆಲ್ಲ ರಥ ಕೈಗೆ ಸಿಗುವುದಿಲ್ಲ. ಹಾಗೆಂದು ಜನ ರಥವೆಂದು ಕರೆಯುವುದನ್ನಾಗಲಿ, ಹತ್ತಿ ಹೋಗುವುದನ್ನಾಗಲಿ ಅವನು ಅಲ್ಲಗಳೆಯುವುದಿಲ್ಲ. ಒಂದನ್ನೊಂದು ನೆಚ್ಚಿ ನಿಂತದ್ದಕ್ಕೆ ಲೋಕ ಇಟ್ಟ ಹೆಸರು ಅದು. ಮೂರು ಪದರದ ಪ್ಲೈವುಡ್ ತುಂಡು ಈ ಮಾತಿಗೆ ಕಣ್ಣೆದುರಿನ ಸಾಕ್ಷಿ.

ವಸ್ತುವಿನ ಮಾತು ಹೀಗಾಯಿತು. ಅದನ್ನು ಮಾಡಿದವರು ಯಾರು ಎಂಬುದು ಇನ್ನೂ ಬಿಗಿಯಾದ ಗಂಟು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವ ಕೆಲಸಕ್ಕಾದರೂ ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಐದರಲ್ಲಿ ಕರ್ತೃ ಒಬ್ಬ ಮಾತ್ರ. ಕರಣಕ್ಕೂ, ಎಂದರೆ ಸಾಧನಕ್ಕೂ, ಅದೇ ಪಂಕ್ತಿಯಲ್ಲಿ ಎಲೆ ಹಾಕಿದೆ. ಸಂಸ್ಕೃತದ ವೈಯಾಕರಣರು ಇನ್ನೂ ಒಂದು ಹೆಜ್ಜೆ ಮುಂದೆ. ‘ಕತ್ತಿಯಿಂದ ಕಡಿದ’ ಎನ್ನುವಲ್ಲಿ ಕತ್ತಿ ಕರಣ. ‘ಈ ಕತ್ತಿ ಚೆನ್ನಾಗಿ ಕಡಿಯುತ್ತೆ’ ಎಂದರೆ ಅದೇ ಕತ್ತಿ ಕರ್ತೃ. ಎರಡೂ ಸರಿ, ಹೇಳುವವರ ಮನಸ್ಸಿನಂತೆ ಎಂದರು ಅವರು. ಅಂಗಡಿಯವರು ಜಿಗ್‌ಸಾ ಎಂಬ ವಿದ್ಯುತ್ ಗರಗಸ ತೋರಿಸಿ ‘ಬೆಣ್ಣೆ ಕೊಯ್ದಂಗೆ ಕೊಯ್ಯುತ್ತೆ, ತಗೊಳ್ಳಿ’ ಎನ್ನುವಾಗ ಕರಣವನ್ನು ಕರ್ತೃವಿನ ಪೀಠಕ್ಕೆ ಏರಿಸುತ್ತಿರುತ್ತಾರೆ.

ವಿದ್ಯುತ್ ಹರಿಯುವ ಸಲಕರಣೆಯಲ್ಲಿ ಈ ಮಾತು ಅಲಂಕಾರವಾಗಿ ಉಳಿಯುವುದಿಲ್ಲ. ಕೈಗರಗಸ ಕೈ ನಿಂತರೆ ನಿಲ್ಲುತ್ತದೆ. ಜಿಗ್‌ಸಾ ತನ್ನ ಓಟಕ್ಕೆ ಕೈಯನ್ನೂ ಎಳೆದುಕೊಳ್ಳುತ್ತದೆ. ಸಾಮಾನ್ಯ ಜಿಗ್‌ಸಾ ಅಲಗು ಕೊಯ್ಯುವುದು ಮೇಲಕ್ಕೆ ಬರುವಾಗ, ಹಾಗಾಗಿ ಸಿಬರು ಏಳುವುದು ಮೇಲ್ಮುಖದಲ್ಲಿ. ಬಲ್ಲವರು ಒಳ್ಳೆಯ ಮುಖವನ್ನು ಕೆಳಗೆ ಮಾಡಿ, ಸಣ್ಣ ಹಲ್ಲಿನ ಅಲಗು ಹಾಕಿ, ಗೆರೆಯ ಮೇಲೆ ಟೇಪು ಅಂಟಿಸಿಕೊಳ್ಳುತ್ತಾರೆ. ಅದು ಸಲಕರಣೆಯ ಸ್ವಭಾವವನ್ನು ಅರಿತು, ಅದಕ್ಕೆ ಮರ್ಯಾದೆ ಕೊಟ್ಟು, ಕೆಲಸದ ಹೊಣೆಯನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಬಗೆ. ಕೈ ತನ್ನ ಅಳತೆ ಕಳೆದುಕೊಳ್ಳದ ವೇಗವೇ ಸರಿಯಾದ ವೇಗ. ಹೊಸಬರಿಗೆ ವೇಗ ಹೆಚ್ಚುಕಡಿಮೆ ಮಾಡಬಲ್ಲ ಒಂದು ಡ್ರಿಲ್, ಒಂದು ಚಿಕ್ಕ ಸ್ಯಾಂಡರ್ ಸಾಕು. 3 ಎಂ.ಎಂ. ಹಲಗೆಯನ್ನು ಸಣ್ಣ ಕೈಗರಗಸವೇ ಕೊಯ್ಯುತ್ತದೆ.

ಕನ್ನಡದಲ್ಲಿ ‘ಆಯುಧ’ ಎಂಬ ಒಂದೇ ಪದ ಉಳಿಗೂ ಕತ್ತಿಗೂ ಸಲ್ಲುತ್ತದೆ. ಮೈಸೂರು ಸೀಮೆಯ ರಾಕೆಟ್ಟಿನ ನೆನಪೂ ಯುದ್ಧದ್ದೇ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಬಿದಿರ ಗಳಕ್ಕೆ ಬಿಗಿದು ಹಾರಿಸಿತು. 1780ರ ಪೊಳ್ಳಿಲೂರು ಕದನದಲ್ಲಿ ಅವು ಕಂಪನಿಯ ದಂಡನ್ನು ಕಂಗೆಡಿಸಿದವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿನಲ್ಲಿ ಅದನ್ನು ತಿದ್ದಿ ಬೆಳೆಸಿದ ವಿಲಿಯಂ ಕಾಂಗ್ರೀವನ ಹೆಸರು ರಾಕೆಟ್ಟಿಗೇ ಅಂಟಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯಿಂದ ಸಾವಿರಕ್ಕೂ ಹೆಚ್ಚು ಕೊಳವೆಗಳು ಮೇಲೆ ಬಂದಾಗ ಪತ್ರಿಕೆಗಳೆಲ್ಲ ಟಿಪ್ಪುವಿನ ರಾಕೆಟ್ಟುಗಳೆಂದು ಬರೆದವು. ತಗಡು ಬಾಗಿಸಿದ ಕಮ್ಮಾರನೂ ಅವನ ಸುತ್ತಿಗೆಯೂ ಕರ್ತೃವಿನ ಲೆಕ್ಕಕ್ಕೆ ಬರಲಿಲ್ಲ.

12ನೆಯ ಶತಮಾನದ ಶರಣರಲ್ಲಿ ಒಬ್ಬ ಬಡಗಿ ಬೇರೆ ದಾರಿ ಹಿಡಿದರು. ಬಾಚಿ ಕಾಯಕದ ಬಸವಯ್ಯ ಎಂದೇ ಅವರು ಉಳಿದಿದ್ದಾರೆ. ಮರ ಕೆತ್ತುವ ಬಾಚಿ ಅವರ ಹೆಸರಿನ ಮೊದಲಲ್ಲೇ ಕೂತಿದೆ.

ರಾಕೆಟ್ಟಿನ ಮೂರು ರೆಕ್ಕೆಗಳ ಕೊನೆಯ ಕೆಲಸಕ್ಕೂ ಯಂತ್ರ ಬೇಕಿಲ್ಲ. ಮೂರನ್ನೂ ಒಟ್ಟಿಗೆ ಬಿಗಿದು ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ಮೂರೂ ಒಂದೇ ಅಳತೆಗೆ ಬರುತ್ತವೆ. ಉಜ್ಜಿದ ಅಂಚಿನಲ್ಲಿ ಉದ್ದ, ಅಡ್ಡ, ಉದ್ದ ಎಂದು ಎಳೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಬೆರಳ ತುದಿಗೆ ಹೆಬ್ಬೇವಿನ ನುಣ್ಣನೆಯ ಹುಡಿ ಮೆತ್ತಿಕೊಳ್ಳುತ್ತದೆ.